ಪದದ ಎಲ್ಲೆ

(ಬಾನುಲಿ ಭಾಷಣದ ಪಾಠ)

ಪದವೆಂದರೆ ಏನು ಎಂಬ ಪ್ರಶ್ನೆ ವ್ಯಾಕರಣಕಾರರಿಗೆ ಹಳೆಯದು. ಮಾತನಾಡುವ, ಓದುವ, ಬರೆಯುವ ಜನರಾದ ನಮಗೆ ಅದು ಪ್ರಶ್ನೆಯಾಗಿ ತೋರುವುದೇ ಅಪರೂಪ. ಮಾತು ಕಿವಿಗೆ ಬಿದ್ದೊಡನೆ ಅದರೊಳಗಿನ ಪದಗಳು ತಾವಾಗಿಯೇ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅವನ್ನು ಬಿಡಿಸಿದವರು ನಾವೇ ಎಂಬ ಅರಿವು ಕೂಡ ನಮಗಿರುವುದಿಲ್ಲ. ಈ ಹಳೆಯ ಪ್ರಶ್ನೆಯನ್ನು ಈಗ ಮತ್ತೆ ನಮ್ಮ ಮುಂದೆ ತಂದಿರಿಸಿರುವುದು ಗಣಕಯಂತ್ರ. ಅದಕ್ಕೆ ಭಾಷೆ ತಿಳಿಯದು. ಅದರ ಪಾಲಿಗೆ ಕಾದಂಬರಿಯೂ ಒಂದೇ, ದಿನಸಿಯ ಪಟ್ಟಿಯೂ ಒಂದೇ. ಎರಡೂ ಮೊದಲಿನಿಂದ ಕೊನೆಯವರೆಗೆ ಒಂದೇ ದಾರದಲ್ಲಿ ಪೋಣಿಸಿದ ಅಕ್ಷರಗಳ ಸರ. ಆ ಸರದೊಳಗಿನಿಂದ ಇಂಥದೊಂದು ಪದವನ್ನು ಹುಡುಕಿಕೊಡು ಎಂದು ನಾವು ಕೇಳಿದರೆ, ನಿಮ್ಮ ಪದ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಮೊದಲು ಹೇಳಿ ಎಂದು ಅದು ನಮ್ಮನ್ನೇ ಕೇಳುತ್ತದೆ. ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಒಂದು ಸಣ್ಣ ಉದಾಹರಣೆಯಿಂದ ತೊಡಗೋಣ. ಪುಸ್ತಕವೊಂದು ಗಣಕದಲ್ಲಿದೆ; ಅದರಲ್ಲಿ ‘ಮರ’ ಎಂಬ ಪದ ಎಲ್ಲೆಲ್ಲಿ ಬಂದಿದೆಯೆಂದು ತಿಳಿಯಬೇಕಾಗಿದೆ. ಯಂತ್ರ ಮಾಡುವ ಕೆಲಸ ಸರಳವಾದದ್ದು. ‘ಮ’ ಸಿಗುವವರೆಗೆ ಅಕ್ಷರಗಳನ್ನು ಒಂದೊಂದಾಗಿ ನೋಡುತ್ತ ಹೋಗುತ್ತದೆ. ಸಿಕ್ಕರೆ ಅದರ ಮುಂದಿನದು ‘ರ’ ಹೌದೋ ಅಲ್ಲವೋ ಎಂದು ಪರೀಕ್ಷಿಸುತ್ತದೆ. ಹೌದಾದರೆ ‘ಸಿಕ್ಕಿತು’ ಎನ್ನುತ್ತದೆ. ಹೀಗೆ ಹುಡುಕಿಸಿದರೆ ಮರವೇನೋ ಸಿಗುತ್ತದೆ. ಅದರೊಡನೆ ಅಮರನೂ ಸಿಗುತ್ತಾನೆ, ಪಾಮರನೂ ಸಿಗುತ್ತಾನೆ. ಸಮರ, ಭ್ರಮರ, ಮರಣ, ಸ್ಮರಣೆ ಎಲ್ಲವೂ ಬರುತ್ತವೆ. ಚಾಮರಾಜನಗರಕ್ಕೆ ಚಾಮರಾಜನಗರವೇ ಮರದ ಲೆಕ್ಕಕ್ಕೆ ಸೇರಿಹೋಗುತ್ತದೆ.

ಇಷ್ಟರಿಂದಲೇ ಮುಗಿಯಲಿಲ್ಲ. ನಮ್ಮ ಲಿಪಿಯನ್ನು ಗಣಕವು ತನ್ನೊಳಗೆ ಇರಿಸಿಕೊಳ್ಳುವ ಕ್ರಮದಲ್ಲಿ ವ್ಯಂಜನಕ್ಕೊಂದು ಸಂಕೇತ, ಅದಕ್ಕೆ ಹತ್ತುವ ಸ್ವರಚಿಹ್ನೆಗೆ ಇನ್ನೊಂದು ಸಂಕೇತ. ‘ರಿ’ ಎಂಬುದು ನಮ್ಮ ಕಣ್ಣಿಗೆ ಒಂದಕ್ಷರ. ಯಂತ್ರಕ್ಕೆ ಅದು ‘ರ’, ಆಮೇಲೆ ಒಂದು ಗುಡಿಸು. ಆದುದರಿಂದ ಮರವನ್ನು ಕೇಳಿದವನಿಗೆ ಮರಿಯೂ ಮರೆವೂ ಮರುಳೂ ದೊರೆಯುತ್ತವೆ. ಮರ್ಯಾದೆಯೊಳಗೂ ಒಂದು ಮರ ಕಾಣುತ್ತದೆ.

ಇದನ್ನು ತಡೆಯಲು, ಗಣಕಕ್ಕೆ ಪ್ರೋಗ್ರಾಂ ಬರೆಯುವವರು ಒಂದು ಉಪಾಯ ಮಾಡಿದರು. ಅದಕ್ಕೆ ‘ಇಡಿಯ ಪದದ ಹೊಂದಿಕೆ’ ಎನ್ನಬಹುದು. ‘ಮರ’ ಸಿಕ್ಕಿದ ಮೇಲೆ ಯಂತ್ರ ಇನ್ನೆರಡು ಪರೀಕ್ಷೆ ನಡೆಸಬೇಕು: ಅದರ ಹಿಂದೆ ಅಂಟಿಕೊಂಡು ಬೇರೊಂದು ಅಕ್ಷರವಿದೆಯೆ? ಮುಂದೆ ಅಂಟಿಕೊಂಡು ಬೇರೊಂದು ಅಕ್ಷರವಿದೆಯೆ? ಎರಡು ಕಡೆಯೂ ತೆರಪೋ ವಿರಾಮಚಿಹ್ನೆಯೋ ಸಾಲಿನ ಅಂಚೋ ಇದ್ದರೆ ಮಾತ್ರ ಅದನ್ನು ಪದವೆಂದು ಒಪ್ಪಬೇಕು. ಹೊಲಕ್ಕೆ ಬದು ಇರುವಂತೆ ಪದಕ್ಕೂ ಎರಡು ಬದು. ಬದು ಕಾಣದ ಕಡೆ ಪದವೂ ಇಲ್ಲ. ಈ ನಿಯಮವನ್ನು ಕೊಟ್ಟ ಕೂಡಲೇ ಅಮರ, ಪಾಮರರು ತೊಲಗುತ್ತಾರೆ, ಮರಣ ತೊಲಗುತ್ತದೆ, ಮರ ಉಳಿಯುತ್ತದೆ.

ಈ ನಿಯಮ ಎಷ್ಟು ಬೇಕಾದದ್ದೆಂಬುದನ್ನು ಸಾಹಿತ್ಯಪ್ರಿಯರಿಗೆ ತಿಳಿಸಲು ಅಮೆರಿಕದ ಒಂದು ಪ್ರಸಂಗವನ್ನು ಹೇಳುತ್ತೇನೆ. ೧೭೮೭-೮೮ರಲ್ಲಿ ಆ ದೇಶದ ಹೊಸ ಸಂವಿಧಾನವನ್ನು ಸಮರ್ಥಿಸಿ ‘ಪಬ್ಲಿಯಸ್’ ಎಂಬ ಗುಪ್ತನಾಮದಲ್ಲಿ ೮೫ ಲೇಖನಗಳು ಬಂದವು. ‘ಫೆಡರಲಿಸ್ಟ್’ ಲೇಖನಗಳೆಂದು ಅವು ಪ್ರಸಿದ್ಧ. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು. ಆದರೆ ಅವುಗಳಲ್ಲಿ ೧೨ ಲೇಖನಗಳು ಹ್ಯಾಮಿಲ್ಟನ್ ಬರೆದವೋ ಮ್ಯಾಡಿಸನ್ ಬರೆದವೋ ಎಂಬುದು ಬಹುಕಾಲ ವಿವಾದದಲ್ಲೇ ಇತ್ತು. ಮೋಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ೧೯೬೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವು ಮ್ಯಾಡಿಸನ್ನನವೆಂದು ತೀರ್ಮಾನಿಸಿದರು. ಸ್ವಾತಂತ್ರ್ಯ, ನ್ಯಾಯ ಮೊದಲಾದ ಘನವಾದ ಪದಗಳನ್ನು ಅವರು ಸಾಕ್ಷಿಗೆ ಕರೆಯಲಿಲ್ಲ. ಬರೆಯುವವನೇ ಗಮನಿಸದೆ ಬಳಸಿಬಿಡುವ ಚಿಲ್ಲರೆ ಪದಗಳನ್ನು ಎಣಿಸಿದರು. ಇಂಗ್ಲಿಷಿನ ‘ಅಪಾನ್’ ಎಂಬ ಪದ ಹ್ಯಾಮಿಲ್ಟನ್ನನ ಬರಹದಲ್ಲಿ ಮೇಲಿಂದ ಮೇಲೆ ಬರುತ್ತದೆ. ಮ್ಯಾಡಿಸನ್ನನಲ್ಲಿ ತೀರ ವಿರಳ. ಇನ್ನು, ‘ಆನ್’ ಎಂಬ ಬೇರೆಯೇ ಪದವೊಂದು ಆ ‘ಅಪಾನ್’ನ ಹೊಟ್ಟೆಯೊಳಗೇ ಇದೆ. ಎಲ್ಲೆಯನ್ನು ನೋಡದೆ ‘ಆನ್’ ಎಷ್ಟಿವೆಯೆಂದು ಎಣಿಸಿದರೆ ‘ಅಪಾನ್’ಗಳೆಲ್ಲ ಅದರಲ್ಲಿ ಬೆರೆತುಹೋಗುತ್ತವೆ; ಇಬ್ಬರನ್ನು ಬೇರ್ಪಡಿಸಬೇಕಾದ ಸಾಕ್ಷಿಯ ಮಾತು ಗೊಂದಲವಾಗುತ್ತದೆ.

ಇದೇ ಲೇಖನಗಳು ಗಣಕದ ಚರಿತ್ರೆಯಲ್ಲೂ ಒಂದು ಪಾತ್ರ ವಹಿಸಿವೆ. ಬೆಲ್ ಪ್ರಯೋಗಶಾಲೆಯಲ್ಲಿ ಲೀ ಮ್ಯಾಕ್‌ಮಹಾನ್ ಎಂಬವರು ಇವುಗಳ ಕರ್ತೃತ್ವವನ್ನು ಗಣಕದಿಂದ ಪರಿಶೀಲಿಸಬಯಸಿದರು. ಅಂದಿನ ಎಡಿಟರ್ ಸಲಕರಣೆಗೆ ಅಷ್ಟು ದೊಡ್ಡ ಪಠ್ಯ ಹಿಡಿಸಲಿಲ್ಲ. ಆಗ ಸಹೋದ್ಯೋಗಿ ಕೆನ್ ಥಾಂಪ್ಸನ್ ಎಡಿಟರಿನಲ್ಲಿದ್ದ ಹುಡುಕುವ ಭಾಗವನ್ನಷ್ಟೇ ಬಿಡಿಸಿ ‘ಗ್ರೆಪ್’ ಎಂಬ ಪ್ರತ್ಯೇಕ ಸಲಕರಣೆ ಮಾಡಿಕೊಟ್ಟರು ಎಂದು ಅಲ್ಲಿಯೇ ಇದ್ದ ಬ್ರಯನ್ ಕರ್ನಿಹನ್ ಹೇಳಿದ್ದಾರೆ. ೧೯೭೩ರಲ್ಲಿ ಕಾಣಿಸಿಕೊಂಡ ಆ ಸಲಕರಣೆ ಇಂದಿಗೂ ಬಳಕೆಯಲ್ಲಿದೆ. ಇಡಿಯ ಪದವನ್ನೇ ಹುಡುಕು ಎಂದು ಅದಕ್ಕೆ ಆಜ್ಞೆ ಮಾಡಲು ಈಗ ಒಂದು ಗುರುತೂ ಉಂಟು.

ಎಲ್ಲೆಯನ್ನು ಮರೆತರೆ ಆಗುವ ಹಾನಿ ಪಂಡಿತರ ಲೆಕ್ಕಕ್ಕೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಎಂಬ ಊರಿದೆ. ಆ ಹೆಸರಿನ ಅಕ್ಷರಗಳ ನಡುವೆ, ಬಾನುಲಿಯಲ್ಲಿ ಹೇಳಬಾರದ ಒಂದು ಬೈಗುಳ ಅಡಗಿದೆ. ಊರಿನವರು ಯಾರೂ ಅದನ್ನು ಗಮನಿಸಿ ನಾಚಿದವರಲ್ಲ. ೧೯೯೬ರಲ್ಲಿ ಅಮೆರಿಕ ಆನ್‌ಲೈನ್ ಸೇವೆಗೆ ಚಂದಾದಾರರಾಗಲು ಹೋದ ಅಲ್ಲಿನ ನಿವಾಸಿಗಳನ್ನು, ಅಶ್ಲೀಲವನ್ನು ತಡೆಯಲೆಂದು ಇರಿಸಿದ್ದ ಜರಡಿ ಹೊರಗೆ ನಿಲ್ಲಿಸಿತು. ತಮ್ಮ ಊರಿನ ಹೆಸರು ಬರೆದದ್ದೇ ಅವರ ತಪ್ಪಾಯಿತು. ಇಂಥ ತೊಡಕಿಗೆ ಗಣಕಲೋಕದಲ್ಲಿ ಆ ಊರಿನ ಹೆಸರೇ ನಿಂತಿದೆ.

ಹೀಗೆ ಇಡಿಯ ಪದದ ನಿಯಮ ಉಪಕಾರಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನಿಯಮ ಹುಟ್ಟಿದ ಮನೆ ಯಾವುದು ಎಂಬುದನ್ನೂ ನೋಡಬೇಕು. ಪಠ್ಯದಲ್ಲಿ ಹುಡುಕಬೇಕಾದ ವಿನ್ಯಾಸವನ್ನು ಯಂತ್ರಕ್ಕೆ ತಿಳಿಸಲು ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂಬ ಒಂದು ಸಂಕೇತಭಾಷೆ ಇದೆ. ಅದರ ಗಣಿತವನ್ನು ೧೯೫೦ರ ದಶಕದಲ್ಲಿ ಸ್ಟೀಫನ್ ಕ್ಲೀನಿ ರೂಪಿಸಿದರು. ೧೯೬೮ರಲ್ಲಿ ಥಾಂಪ್ಸನ್ನರು ಅದನ್ನು ಪಠ್ಯಶೋಧಕ್ಕೆ ಅಳವಡಿಸುವ ವಿಧಾನವನ್ನು ಪ್ರಕಟಿಸಿದರು. ಈ ಸಂಕೇತಭಾಷೆ ಬೆಳೆದಂತೆ ‘ಪದದ ಎಲ್ಲೆ’ ಎಂಬುದಕ್ಕೂ ಅದರಲ್ಲಿ ಒಂದು ಚಿಹ್ನೆ ಬಂದಿತು. ಹಾಗಾದರೆ ಪದದೊಳಗೆ ಇರಬಹುದಾದ ಅಕ್ಷರಗಳು ಯಾವುವು? ಉತ್ತರ ಹೀಗಿತ್ತು: ಇಂಗ್ಲಿಷಿನ ೨೬ ಅಕ್ಷರಗಳ ದೊಡ್ಡ ಮತ್ತು ಚಿಕ್ಕ ರೂಪಗಳು, ಹತ್ತು ಅಂಕಿಗಳು, ಕೊನೆಗೆ ಒಂದು ಅಡಿಗೆರೆ. ಅಡಿಗೆರೆ ಯಾವ ಇಂಗ್ಲಿಷ್ ಪದದಲ್ಲಿದೆ? ಯಾವುದರಲ್ಲಿಯೂ ಇಲ್ಲ. ಪ್ರೋಗ್ರಾಂ ಬರೆಯುವವರು ತಮ್ಮ ಲೆಕ್ಕದ ವಸ್ತುಗಳಿಗೆ ಇಡುವ ಹೆಸರುಗಳಲ್ಲಿ ಅದು ಉಂಟು. ಎಂದರೆ, ಯಂತ್ರದ ‘ಪದ’ ನಿಘಂಟಿನಿಂದ ಬಂದದ್ದಲ್ಲ, ಪ್ರೋಗ್ರಾಮಿನೊಳಗಿನ ಹೆಸರುಗಳಿಂದ ಬಂದದ್ದು. ಇಂಗ್ಲಿಷಿಗೇ ಅದು ಸರಿಯಾಗಿ ಹೊಂದುವುದಿಲ್ಲ: ‘ಡೋಂಟ್’ ಎಂಬುದರ ನಡುವಿನ ಮೇಲ್ಗೊಂಕಿ ಪದದ ಅಕ್ಷರವಲ್ಲವಾದ್ದರಿಂದ ಅದು ಎರಡು ತುಂಡಾಗುತ್ತದೆ.

ಆ ಅಳತೆಯ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಏನಾದೀತು? ಜಾಲಪುಟಗಳಲ್ಲೆಲ್ಲ ಬಳಕೆಯಾಗುವ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯಲ್ಲಿ ಪದದ ಎಲ್ಲೆಯ ರೂಢಿಯ ಚಿಹ್ನೆಗೆ ಇಂದಿಗೂ ಈ ಹಳೆಯ ಅರ್ಥವೇ ಇದೆ. ಅದರ ಲೆಕ್ಕದಲ್ಲಿ ‘ಮ’ವೂ ಪದದ ಅಕ್ಷರವಲ್ಲ, ತೆರಪೂ ಅಲ್ಲ. ಎರಡೂ ಒಂದೇ ಜಾತಿಯವಾದ್ದರಿಂದ ಅವುಗಳ ನಡುವೆ ಎಲ್ಲೆಯೇ ಇಲ್ಲ. ಒಂದು ಪುಟದ ತುಂಬ ‘ಮರ’ ಎಂದು ಬಿಡಿಬಿಡಿಯಾಗಿ ಬರೆದಿದ್ದರೂ ಇಡಿಯ ಪದವಾಗಿ ಹುಡುಕಿದರೆ ಒಂದೂ ಸಿಗದು. ಸಿಗಬೇಕಾದರೆ ಆ ಕನ್ನಡ ಪದದ ಹಿಂದೆಯೂ ಮುಂದೆಯೂ ಇಂಗ್ಲಿಷ್ ಅಕ್ಷರಗಳೋ ಅಂಕಿಗಳೋ ಅಂಟಿಕೊಂಡಿರಬೇಕು! ಪೈಥಾನ್ ಎಂಬ ಇನ್ನೊಂದು ಗಣಕಭಾಷೆಯ ರೂಢಿಯ ಸಲಕರಣೆ ಇದಕ್ಕಿಂತ ಉದಾರವಾದದ್ದು. ಕನ್ನಡದ ವ್ಯಂಜನಗಳನ್ನೂ ಸ್ವರಗಳನ್ನೂ ಅದು ಅಕ್ಷರಗಳೆಂದು ಒಪ್ಪುತ್ತದೆ. ಆದರೆ ಸ್ವರಚಿಹ್ನೆಗಳನ್ನೂ ವ್ಯಂಜನದ ಸ್ವರವನ್ನು ಕಳೆಯುವ ಹಲಂತಚಿಹ್ನೆಯನ್ನೂ ಅದು ಒಪ್ಪುವುದಿಲ್ಲ. ಅದರ ಕೈಗೆ ‘ಕನ್ನಡ’ವನ್ನು ಕೊಟ್ಟರೆ ಒತ್ತಕ್ಷರವಿರುವ ಕಡೆ ಮುರಿದು, ‘ಕನ’ ಎಂಬುದೊಂದು, ‘ನಡ’ ಎಂಬುದೊಂದು, ಹೀಗೆ ಎರಡು ಪದ ಮಾಡಿಕೊಡುತ್ತದೆ. ಹಲಂತವನ್ನೂ ಸ್ವರಚಿಹ್ನೆಗಳನ್ನೂ ಪದದ ಅಂಗಗಳೆಂದೇ ಎಣಿಸಬೇಕೆಂದು ಯೂನಿಕೋಡ್ ಒಕ್ಕೂಟ ತನ್ನ ಶಿಫಾರಸಿನಲ್ಲಿ ಹೇಳಿದೆ. ಅದನ್ನು ಪಾಲಿಸುವ ಸಲಕರಣೆಗಳೂ ಇವೆ. ಆದುದರಿಂದ ಇದು ಅಕ್ಷರಮಟ್ಟದ ತೊಡಕು, ತಿದ್ದಲು ಬರುವಂಥದು. ಇದನ್ನು ತಿದ್ದಿದ ಮೇಲೂ ಉಳಿಯುವ ತೊಡಕೇ ನಿಜವಾಗಿ ವಿಚಾರಾರ್ಹವಾದದ್ದು.

ಕೆಲವು ವರ್ಷಗಳ ಹಿಂದೆ ಸಂಶೋಧನೆ ಮಾಡುತ್ತಿದ್ದ ತರುಣರೊಬ್ಬರು ತಮ್ಮ ಪ್ರಬಂಧದ ಒಂದು ಅಧ್ಯಾಯವನ್ನು ನನಗೆ ತೋರಿಸಿದರು. ಲೇಖಕಿಯೊಬ್ಬರ ಕಥೆಗಳೆಲ್ಲವನ್ನೂ ಗಣಕಕ್ಕೆ ಇಳಿಸಿಕೊಂಡು, ಅವುಗಳಲ್ಲಿ ‘ಮನೆ’ ಎಂಬ ಪದ ಎಷ್ಟು ಸಲ ಬರುತ್ತದೆಂದು ಅವರು ಎಣಿಸಿದ್ದರು. ಸಲಕರಣೆ ಒಳ್ಳೆಯದು; ಒತ್ತಕ್ಷರವನ್ನು ಮುರಿಯುವಂಥದಲ್ಲ. ‘ಸುಮ್ಮನೆ’ ಎಂಬುದರಲ್ಲಿಯೂ ಒಂದು ‘ಮನೆ’ ಇರುವುದರಿಂದ, ಸುಮ್ಮನೆ ಕುಳಿತವರೆಲ್ಲ ಮನೆಯ ಲೆಕ್ಕಕ್ಕೆ ಬಾರದಿರಲೆಂದು, ಇಡಿಯ ಪದವನ್ನೇ ಹುಡುಕಿದ್ದರು. ಬಹಳ ಕಡಿಮೆ ಸಿಕ್ಕಿದ್ದವು. ಆ ವಿರಳತೆಯ ಆಧಾರದ ಮೇಲೆ, ಈ ಲೇಖಕಿಗೆ ಮನೆಯ ವಿಚಾರದಲ್ಲಿ ಒಂದು ಬಗೆಯ ವಿಮುಖತೆ ಇದೆ ಎಂಬ ಸಿದ್ಧಾಂತವನ್ನು ಅವರು ಕಟ್ಟಿದ್ದರು. ಬರವಣಿಗೆ ಚೊಕ್ಕಟವಾಗಿತ್ತು, ವಾದವೂ ಗಟ್ಟಿಯಾಗಿಯೇ ತೋರುತ್ತಿತ್ತು. ಆದರೆ ಆ ಕಥೆಗಳನ್ನು ಓದಿದವರಿಗೆ ಗೊತ್ತು, ಅವುಗಳಲ್ಲಿ ಮನೆಯ ಹೊಸಿಲು ದಾಟದ ಪುಟವೇ ಇಲ್ಲ.

ಆದದ್ದೇನು? ಕನ್ನಡದಲ್ಲಿ ನಾವು ‘ಮನೆ’ ಎಂದು ಬರಿದಾಗಿ ಹೇಳುವುದು ಎಷ್ಟು ಸಲ? ಮನೆಗೆ ಹೋಗುತ್ತೇವೆ, ಮನೆಯಲ್ಲಿ ಇರುತ್ತೇವೆ, ಮನೆಯಿಂದ ಹೊರಡುತ್ತೇವೆ, ಮನೆಯನ್ನು ಮಾರುತ್ತೇವೆ, ಮನೆಯವರನ್ನು ನೆನೆಯುತ್ತೇವೆ. ವಿಭಕ್ತಿ ಬಂದು ಸೇರಿದೊಡನೆ ಪದದ ಬಲಗಡೆಯ ಬದು ಅಳಿಸಿಹೋಗುತ್ತದೆ. ಯಾರೂ ಬಾರದ, ಯಾರೂ ಹೋಗದ, ಯಾರೂ ವಾಸವಿಲ್ಲದ ಮನೆಗಳು ಮಾತ್ರ ಇಡಿಯ ಪದದ ಬಲೆಗೆ ಸಿಕ್ಕಿದ್ದವು. ಜನ ಬಾಳಿದ ಮನೆಗಳೆಲ್ಲ ತಪ್ಪಿಸಿಕೊಂಡಿದ್ದವು. ತವರುಮನೆ, ಅಡುಗೆಮನೆ, ಸೆರೆಮನೆಗಳು ಎಡಗಡೆಯ ಬದು ಇಲ್ಲದ ಕಾರಣ ಹೊರಗುಳಿದಿದ್ದವು. ಪಾತ್ರಗಳು ಆಡುಮಾತಿನಲ್ಲಿ ‘ಮನೇಲಿ’ ಎಂದಾಗ ಸ್ವರಚಿಹ್ನೆಯೇ ಬೇರೆ. ಧಾರವಾಡದ ಕಡೆಯ ಪಾತ್ರವೊಂದು ‘ಮನ್ಯಾಗ’ ಎಂದರೆ, ಯಂತ್ರಕ್ಕೆ ಅಲ್ಲಿ ಮನೆಯ ಸುಳಿವೂ ಹತ್ತದು. ಆ ತರುಣರು ಜಾಣರು, ಪ್ರಾಮಾಣಿಕರು. ಎಣಿಕೆಯನ್ನು ಬದಿಗಿಟ್ಟು ಕಥೆಗಳನ್ನು ಮತ್ತೊಮ್ಮೆ ಓದಿ, ಅಧ್ಯಾಯವನ್ನು ಹೊಸದಾಗಿಯೇ ಬರೆದರು.

ಈ ಪ್ರಸಂಗದಲ್ಲಿ ಯಂತ್ರ ಸುಳ್ಳಾಡಲಿಲ್ಲ ಎಂಬುದನ್ನು ಗಮನಿಸಬೇಕು. ‘ಎರಡು ಕಡೆಯೂ ಬದು ಇರುವ ಮನೆ ಇಷ್ಟೇ ಇವೆ’ ಎಂದು ಅದು ಹೇಳಿತು. ನಾವು ಆ ಮಾತಿನ ಮೊದಲರ್ಧವನ್ನು ಬಿಟ್ಟು ಕೊನೆಯರ್ಧವನ್ನು ಮಾತ್ರ ಕೇಳಿಸಿಕೊಳ್ಳುತ್ತೇವೆ. ತಪ್ಪಾಗಿ ಸಿಕ್ಕಿದ ಅಮರ, ಪಾಮರರು ಕಣ್ಣೆದುರಿಗೆ ಬಂದು ನಿಲ್ಲುತ್ತಾರೆ, ನಕ್ಕು ತೆಗೆದುಹಾಕಬಹುದು. ಸಿಗದೆ ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ. ಬೀಳದಿರುವುದರಿಂದಲೇ ಅದು ಹೆಚ್ಚಿನ ಅಪಾಯ.

ಪ್ರಬಂಧದಲ್ಲಿ ಆದರೆ ಒಂದು ಅಧ್ಯಾಯ ಕೆಡುತ್ತದೆ, ಅಷ್ಟೆ. ಯಾವುದೋ ಸೌಲಭ್ಯದ ಪಟ್ಟಿಯಲ್ಲಿ ‘ಸಣ್ಣನಿಂಗಮ್ಮ’ ಎಂದು ಕೂಡಿಸಿ ಬರೆದಿದ್ದು, ಕಿಟಕಿಯ ಆಚೆ ಕುಳಿತವರು ‘ನಿಂಗಮ್ಮ’ ಎಂದು ಇಡಿಯ ಪದವಾಗಿ ಹುಡುಕಿದರೆ, ‘ಇಲ್ಲ’ ಎಂಬ ಉತ್ತರವನ್ನು ಹೊತ್ತು ಬಿಸಿಲಲ್ಲಿ ಹಿಂದಿರುಗಬೇಕಾದವಳು ಆ ಮುದುಕಿ. ಪಟ್ಟಿಯಲ್ಲಿ ತನ್ನ ಹೆಸರಿನ ಬದು ಎಲ್ಲಿದೆಯೆಂದು ಆಕೆಗೆ ಯಾರು ಹೇಳಬೇಕು?

ಪದಗಳ ನಡುವೆ ತೆರಪು ಬಿಡುವ ಪದ್ಧತಿ ಬರವಣಿಗೆಯೊಡನೆ ಹುಟ್ಟಿದ್ದಲ್ಲ. ಪ್ರಾಚೀನ ಲ್ಯಾಟಿನ್ನಿನ ಹಸ್ತಪ್ರತಿಗಳಲ್ಲಿ ಅಕ್ಷರಗಳು ಒಂದೇ ಸಾಲಾಗಿ ಹರಿಯುತ್ತಿದ್ದ ಕಾಲವಿತ್ತು, ಕ್ರಿ.ಶ. ೭-೮ನೆಯ ಶತಮಾನಗಳಲ್ಲಿ ಐರ್ಲೆಂಡಿನ ಲಿಪಿಕಾರರು, ಲ್ಯಾಟಿನ್ ಅವರಿಗೆ ಪರಭಾಷೆಯಾದ್ದರಿಂದ, ಓದಲು ಸುಲಭವಾಗಲೆಂದು ಪದಗಳನ್ನು ಬಿಡಿಸಿ ಬರೆಯುವ ರೂಢಿಯನ್ನು ಬೆಳೆಸಿದರು. ನಮ್ಮಲ್ಲಿಯೂ ಸುಮಾರು ಕ್ರಿ.ಶ. ೪೫೦ರ ಹಲ್ಮಿಡಿ ಶಾಸನದಿಂದ ಮೊದಲ್ಗೊಂಡು ಓಲೆಗರಿಯ ಕಾಲದವರೆಗೆ ಇಂದಿನ ತೆರಪನ್ನು ಕಾಣೆವು. ಓದುವವನೇ ಪದಗಳನ್ನು ಬಿಡಿಸಿಕೊಳ್ಳುತ್ತಿದ್ದ. ಪದದ ಎಲ್ಲೆ ಓಲೆಯ ಮೇಲೆ ಇರಲಿಲ್ಲ, ಓದುವವನ ತಿಳಿವಳಿಕೆಯಲ್ಲಿತ್ತು.

೧೩ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೆ ಮೊದಲ ಪ್ರಕರಣವನ್ನೇ ಕೊಟ್ಟಿದ್ದಾನೆ. ಎರಡು ಸೇರಿ ಒಂದಾಗುವಾಗ ಏನು ಲೋಪವಾಗುತ್ತದೆ, ಏನು ಆಗಮವಾಗುತ್ತದೆ, ಯಾವುದಕ್ಕೆ ಯಾವುದು ಆದೇಶವಾಗುತ್ತದೆ ಎಂಬುದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಸಂಗತಿ. ಯಂತ್ರಕ್ಕೆ ಬೇಕಾದದ್ದು ಇದೇ ದಾರಿಯ ಹಿಂಪಯಣ. ‘ಊರಿಂದ’ ಎಂಬಲ್ಲಿ ‘ಊರು’ ಇಡಿಯಾಗಿ ಉಳಿದಿಲ್ಲ; ಉಕಾರ ಲೋಪವಾಗಿದೆ. ‘ಕಂಬನಿ’ಯಲ್ಲಿ ಕಣ್ಣೂ ಇದೆ, ಹನಿಯ ಹಳೆಯ ರೂಪವಾದ ‘ಪನಿ’ಯೂ ಇದೆ, ಎರಡೂ ವೇಷ ಮರೆಸಿಕೊಂಡಿವೆ. ಇನ್ನು, ನಮ್ಮ ಭಾಷೆಯ ಹೆಸರನ್ನೇ ಹುಡುಕಿ ನೋಡಿ. ‘ಹಳಗನ್ನಡ’, ‘ನಡುಗನ್ನಡ’, ‘ಹೊಸಗನ್ನಡ’ ಈ ಮೂರರಲ್ಲಿ ಒಂದರೊಳಗೂ ‘ಕನ್ನಡ’ ಎಂಬ ಅಕ್ಷರಗಳ ಸಾಲು ಇಲ್ಲ. ಕಕಾರ ಗಕಾರವಾಗಿದೆ. ಎಲ್ಲೆಯ ನಿಯಮವನ್ನು ಪೂರ್ತಿಯಾಗಿ ಸಡಿಲಿಸಿದರೂ ಅವು ಸಿಗವು. ಸಾವಿರದ ಐನೂರು ವರ್ಷಗಳ ಕನ್ನಡದ ಮೂರು ಅವಸ್ಥೆಗಳೂ ಯಂತ್ರದ ಎಣಿಕೆಯಲ್ಲಿ ಕನ್ನಡವಲ್ಲ!

ಹಾಗಾದರೆ ಸಂಧಿಯ ಸೂತ್ರಗಳನ್ನೆಲ್ಲ ಯಂತ್ರಕ್ಕೆ ಕಲಿಸಿಬಿಟ್ಟರಾಯಿತಲ್ಲ ಎಂದು ಕೇಳಬಹುದು. ಕಲಿಸಬೇಕು, ವಿದ್ವಾಂಸರೂ ಗಣಕತಜ್ಞರೂ ಕೂಡಿ ಆ ಕೆಲಸ ಮಾಡುತ್ತಿದ್ದಾರೆ. ಆದರೆ ಕೂಡಿಸುವ ದಾರಿ ಒಂದಾದರೆ ಬಿಡಿಸುವ ದಾರಿ ಹಲವು. ‘ಹಾಡಿಲ್ಲ’ ಎಂಬ ಒಂದು ಮಾತನ್ನು ತೆಗೆದುಕೊಳ್ಳಿ. ‘ಈ ನಾಟಕದಲ್ಲಿ ಹಾಡಿಲ್ಲ’ ಎಂದಾಗ ಅದು ಹಾಡು, ಇಲ್ಲ. ‘ಆಕೆ ಇಂದು ಹಾಡಿಲ್ಲ’ ಎಂದಾಗ ಅದು ಹಾಡಿ, ಇಲ್ಲ. ಅಕ್ಷರಗಳಲ್ಲಿ ಕೂದಲೆಳೆಯ ಭೇದವೂ ಇಲ್ಲ. ಒಂದರಲ್ಲಿ ನಾಮಪದ, ಇನ್ನೊಂದರಲ್ಲಿ ಕ್ರಿಯಾಪದ. ಯಾವುದು ಎಂಬುದನ್ನು ಹೇಳುವುದು ಆ ಮಾತಿನ ಹಿಂದುಮುಂದು. ಅಂದಮೇಲೆ ಪದದ ಎಲ್ಲೆಯನ್ನು ಕಾಣಲು ವಾಕ್ಯ ತಿಳಿಯಬೇಕು. ವಾಕ್ಯ ತಿಳಿಯಲು ಸಂದರ್ಭ ತಿಳಿಯಬೇಕು.

ಈ ಕಷ್ಟವನ್ನು ಗಣಕಯುಗದ ಆರಂಭದಲ್ಲಿಯೇ ಅರಿತಿದ್ದವರೊಬ್ಬರನ್ನು ಇಲ್ಲಿ ನೆನೆಯುವುದು ಉಚಿತ. ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ಬುಸಾ, ಸಂತ ತೋಮಸ್ ಅಕ್ವಿನಾಸನ ಗ್ರಂಥಗಳಲ್ಲಿ ‘ಸಾನ್ನಿಧ್ಯ’ ಎಂಬ ಭಾವನೆಯನ್ನು ಕುರಿತು ಸಂಶೋಧನೆ ಮಾಡುತ್ತಿದ್ದರು. ಸಾನ್ನಿಧ್ಯವನ್ನು ನೇರವಾಗಿ ಹೇಳುವ ಲ್ಯಾಟಿನ್ ಪದಗಳನ್ನು ಹುಡುಕಿದರೆ ವಿಚಾರದ ಮರ್ಮ ಸಿಗಲಿಲ್ಲ. ಅದು ‘ಇನ್’ ಎಂಬ, ನಮ್ಮ ಸಪ್ತಮಿ ವಿಭಕ್ತಿಗೆ ಸಮನಾದ, ಪುಟ್ಟ ಪದದಲ್ಲಿ ಅಡಗಿತ್ತು. ಆ ಪದವೂ ಅದಕ್ಕೆ ಸಂಬಂಧಿಸಿದ ಪದಗಳೂ ಬರುವ ವಾಕ್ಯಗಳನ್ನು ಅವರು ೧೦,೦೦೦ ಚೀಟಿಗಳ ಮೇಲೆ ಕೈಯಿಂದ ಬರೆದುಕೊಂಡರು. ಆಮೇಲೆ, ೧೯೪೯ರಲ್ಲಿ, ಅಕ್ವಿನಾಸನ ಎಲ್ಲ ಪದಗಳ ಸೂಚಿಯನ್ನು ಯಂತ್ರದ ನೆರವಿನಿಂದ ಮಾಡುವ ಬಯಕೆಯಿಂದ ಐಬಿಎಂ ಕಂಪನಿಯ ಮುಖ್ಯಸ್ಥ ವಾಟ್ಸನ್ನರನ್ನು ಕಂಡರು. ಸುಮಾರು ೧ ಕೋಟಿ ೧೦ ಲಕ್ಷ ಪದಗಳ ಆ ಸೂಚಿ ೫೬ ಸಂಪುಟಗಳಾಗಿ ೧೯೮೦ರ ಹೊತ್ತಿಗೆ ಅಚ್ಚಾಗಿ ಮುಗಿಯಿತು. ಮೂವತ್ತು ವರ್ಷ ಏಕೆ ಹಿಡಿಯಿತು? ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಯಂತ್ರ ಬೇಗ ಮಾಡಬಲ್ಲದು. ಆದರೆ ಪ್ರತಿಯೊಂದು ರೂಪವೂ ಯಾವ ಮೂಲಪದಕ್ಕೆ ಸೇರಿದ್ದೆಂದು ನಿರ್ಣಯಿಸಲು ಲ್ಯಾಟಿನ್ ಬಲ್ಲವರು ಕುಳಿತು ನೋಡಬೇಕಾಗಿತ್ತು.

ನಮ್ಮಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಶಾಸನಗಳನ್ನೂ ಕಾವ್ಯಗಳನ್ನೂ ಓದಿ, ಪದಗಳನ್ನು ಬಿಡಿಸಿ, ಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದಿಟ್ಟವರ ದುಡಿಮೆ ಅದರ ಹಿಂದಿದೆ. ಕಂಬನಿಯನ್ನು ಕಂಡಾಗ ಅದರೊಳಗಿನ ಕಣ್ಣನ್ನು ಅವರು ಗುರುತಿಸುತ್ತಿದ್ದರು. ಅದನ್ನು ಕಲಿಸಿದ್ದು ಓದು.

ಯಂತ್ರವನ್ನು ತೊರೆಯಬೇಕೆಂದು ನಾನು ಹೇಳುತ್ತಿಲ್ಲ. ಒಬ್ಬನ ಆಯುಷ್ಯವನ್ನು ತಿನ್ನುವ ಕೆಲಸವನ್ನು ಒಂದು ಗಳಿಗೆಯಲ್ಲಿ ಮಾಡಿಕೊಡುವ ಆಳನ್ನು ಬೇಡವೆನ್ನುವುದು ವಿವೇಕವಲ್ಲ. ಆಳಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದನ್ನು ಒಡೆಯ ತಿಳಿದಿರಬೇಕು, ಅಷ್ಟೆ. ಕನ್ನಡದಲ್ಲಿ ಹುಡುಕುವವರು ಮೊದಲು ಬಲೆಯನ್ನು ಅಗಲವಾಗಿ ಬೀಸಬೇಕು: ಇಡಿಯ ಪದವನ್ನು ಬಿಟ್ಟು ಅದರ ಅಳಿಯದ ಭಾಗವನ್ನು, ‘ಊರು’ ಎಂಬುದಕ್ಕೆ ಬದಲಾಗಿ ‘ಊರ’ ಎಂಬುದನ್ನು ಕೊಡಬೇಕು, ಕತಪಗಳಿಗೆ ಗದಬಗಳು ಬಂದಿರಬಹುದೆಂದು ಅವನ್ನೂ ಕೇಳಬೇಕು, ಆಡುಮಾತಿನ ರೂಪಗಳನ್ನು ಸೇರಿಸಬೇಕು. ಆಗ ಸಿಕ್ಕಿದ ರಾಶಿಯಲ್ಲಿ ಹೊಟ್ಟು ಬಹಳ ಇರುತ್ತದೆ. ಕುಳಿತು, ಒಂದೊಂದು ವಾಕ್ಯವನ್ನೂ ಓದಿ, ಕೇರಬೇಕು. ಸೆರೆಮನೆ ಮನೆಯೋ ಅಲ್ಲವೋ ಎಂಬುದು ನಾವು ಹುಡುಕುತ್ತಿರುವ ಅರ್ಥವನ್ನು ಅವಲಂಬಿಸಿದ್ದು. ಅದನ್ನು ತೀರ್ಮಾನಿಸುವ ಹೊಣೆ ನಮ್ಮದು. ಕೊನೆಗೆ, ‘ಈ ಕೃತಿಯಲ್ಲಿ ಈ ಪದ ಇಲ್ಲ’ ಎಂದು ಬರೆಯುವವರು ಹೇಗೆ ಹುಡುಕಿದೆವೆಂಬುದನ್ನೂ ಜೊತೆಗೇ ಬರೆಯಬೇಕು.

ಇನ್ನು, ಪಟ್ಟಿಯ ಮುಂದೆ ಕುಳಿತವರಿಗೆ ಒಂದು ಮಾತು. ಯಂತ್ರ ‘ಇಲ್ಲ’ ಎಂದಾಗ ಕಿಟಕಿಯ ಈಚೆ ನಿಂತವರನ್ನು ಕಳುಹಿಸಿಬಿಡುವ ಮೊದಲು, ಪಟ್ಟಿಯ ಆ ಪುಟವನ್ನು ತೆರೆದು ಮೇಲಿನಿಂದ ಕೆಳಗೆ ಒಮ್ಮೆ ಕಣ್ಣಾರೆ ಓದಬೇಕು. ಹೆಚ್ಚೆಂದರೆ ಐದು ನಿಮಿಷದ ಕೆಲಸ. ಸಣ್ಣನಿಂಗಮ್ಮ ಅಲ್ಲಿಯೇ ಇರಬಹುದು.